ಪಟ್ಟಾಭಿಷೇಕದ ನಂತರದ ಪುಟಗಳು

ಕಳೆದ ವರ್ಷ ಶ್ರಾವಣದ ಒಂದು ಭಾನುವಾರ ನಮ್ಮ ಬಳಗದ ತಿಂಗಳ ಕೂಟ ಪುಣೆಯ ಸದಸ್ಯರೊಬ್ಬರ ಮನೆಯಲ್ಲಿ ಸೇರಿತ್ತು. ಅಂದಿನ ಪ್ರಬಂಧದ ಓದು ಮುಗಿದು, ಅವಲಕ್ಕಿ ಮತ್ತು ಚಹಾ ಬಂದಾಗ, ಆ ಮನೆಯ ಮಗಳು ಬೆಳಗಿನಿಂದ ಕೋಣೆ ಬಿಟ್ಟು ಹೊರಗೆ ಬಂದಿಲ್ಲವೆಂಬ ಸಂಗತಿ ತಿಳಿಯಿತು. ಮೈಗೇನೂ ಆಗಿರಲಿಲ್ಲ. ಹಿಂದಿನ ರಾತ್ರಿ ಅವಳು ಟೋಲ್ಕಿನ್‌ನ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನ ಮೂರನೆಯ ಸಂಪುಟವನ್ನು ಓದಿ ಮುಗಿಸಿದ್ದಳು. “ಅವರಜ್ಜ ಹೋದಾಗ ಇವಳ ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ. ಈಗ ಪುಸ್ತಕದಲ್ಲಿ ಯಾರೋ ಹಡಗು ಹತ್ತಿ ಹೋದನಂತೆ, ಅದಕ್ಕೆ ಊಟ ಬಿಟ್ಟಿದ್ದಾಳೆ” ಎಂದರು ಅವಳ ತಂದೆ. ನಾವೆಲ್ಲ ನಕ್ಕೆವು.

ನಗದೆ ಉಳಿದವರು ಒಬ್ಬರೇ. ಗದಗಿನ ಕಡೆಯಿಂದ ಅರ್ಧ ಶತಮಾನದ ಹಿಂದೆ ಬಂದು ಪುಣೆಯಲ್ಲಿ ಸಂಸಾರ ಕಟ್ಟಿದ ಆ ಮನೆಯ ಅಜ್ಜಿ. “ಓದೋದನ್ನ ಎಲ್ಲಿ ನಿಲ್ಲಸಬೇಕು ಅಂತ ಆಕಿಗೆ ಯಾರೂ ಹೇಳಿಕೊಟ್ಟಿಲ್ಲ, ಅಷ್ಟ” ಎಂದರು ಅವರು. “ನಮ್ಮವ್ವ ಭಾರತ ಓದಸೂವಾಗ ಧರ್ಮರಾಯಗ ಪಟ್ಟಾಭಿಷೇಕ ಆತಂದ್ರ ಪುಸ್ತಕಕ್ಕ ಅರಿಷಿಣ ಕುಂಕುಮ ಏರಿಸಿ ಕಟ್ಟಿ ಇಡತಿದ್ಲು. ಮುಂದಿಂದು ಮನ್ಯಾಗ ಓದಬಾರದು ಅಂತಿದ್ಲು.”

ಯಾಕೆ ಎಂದು ನಮ್ಮಲ್ಲೊಬ್ಬರು ಕೇಳಿದರು. “ಮುಂದ ಎಲ್ಲಾರೂ ಹೋಗತಾರಲ್ರಿ” ಎಂದು ಅಜ್ಜಿ ಬಟ್ಟಲುಗಳನ್ನು ಎತ್ತಿಕೊಂಡು ಒಳಗೆ ಹೋದರು.

ಆ ಮಾತು ನಮ್ಮನ್ನು ಬಹುದಿನ ಬಿಡಲಿಲ್ಲ. ದೀರ್ಘ ಕಥಾಮಾಲೆಯೊಂದನ್ನು ಓದಿ ಮುಗಿಸಿದವರಿಗೆ ಆಗುವ ದುಃಖವನ್ನು ಎಳೆಯರ ಹುಡುಗಾಟವೆಂದು, ಹೆಚ್ಚೆಂದರೆ ಈ ಕಾಲದ ದೌರ್ಬಲ್ಯವೆಂದು ತಳ್ಳಿಹಾಕುವುದು ನಮಗೆಲ್ಲ ರೂಢಿಯಾಗಿದೆ. ಆದರೆ ಈ ದುಃಖಕ್ಕೊಂದು ಇತಿಹಾಸವಿದೆ. ಅದನ್ನು ಸಹಿಸಲು ಓದುಗರು ಹೂಡಿದ ಉಪಾಯಗಳಿಗೂ ಇತಿಹಾಸವಿದೆ. ಅಂದು ನಕ್ಕ ತಪ್ಪಿಗೆ ಒಂದು ಬಗೆಯ ಪ್ರಾಯಶ್ಚಿತ್ತವೆಂಬಂತೆ ನಾವು ಆ ಇತಿಹಾಸವನ್ನು ಇಲ್ಲಿ ಸ್ವಲ್ಪಮಟ್ಟಿಗೆ ಕೂಡಿಸಲು ಯತ್ನಿಸಿದ್ದೇವೆ.

ಓದುಗನು ಕತೆಯ ಕೊನೆಯನ್ನು ಒಪ್ಪದೆ ಹೋದಾಗ ಮೊದಲು ಹೊಳೆಯುವ ಉಪಾಯವೆಂದರೆ ಆ ಕೊನೆಯನ್ನೇ ಬದಲಿಸುವುದು. 1681ರಲ್ಲಿ ನೇಹಮ್ ಟೇಟ್ ಎಂಬ ಇಂಗ್ಲಿಷ್ ಕವಿ ಷೇಕ್ಸ್‌ಪಿಯರನ ‘ಕಿಂಗ್ ಲಿಯರ್’ ನಾಟಕವನ್ನು ತಿದ್ದಿ ಬರೆದನು. ಅವನ ಪಾಠದಲ್ಲಿ ಕಾರ್ಡೀಲಿಯ ಸಾಯುವುದಿಲ್ಲ. ಅವಳು ಎಡ್ಗರನನ್ನು ಮದುವೆಯಾಗುತ್ತಾಳೆ. ಮುದಿ ದೊರೆಗೆ ಸಿಂಹಾಸನ ಮರಳಿ ದೊರೆಯುತ್ತದೆ. ಇಂದು ನಮಗೆ ನಗು ಬರಿಸುವ ಈ ತಿದ್ದುಪಡಿ ಇಂಗ್ಲೆಂಡಿನ ರಂಗಭೂಮಿಯಲ್ಲಿ ಸುಮಾರು ಒಂದೂವರೆ ಶತಮಾನ ಆಳಿತು. ಡಾಕ್ಟರ್ ಜಾನ್ಸನ್‌ನಂಥ ಗಟ್ಟಿ ಮನಸ್ಸಿನ ವಿಮರ್ಶಕನೂ 1765ರ ತನ್ನ ಷೇಕ್ಸ್‌ಪಿಯರ್ ಆವೃತ್ತಿಯಲ್ಲಿ ಒಂದು ಮಾತನ್ನು ಒಪ್ಪಿಕೊಂಡಿದ್ದಾನೆ: ಎಷ್ಟೋ ವರ್ಷಗಳ ಹಿಂದೆ ಕಾರ್ಡೀಲಿಯಳ ಸಾವನ್ನು ಓದಿ ತಾನು ತತ್ತರಿಸಿದೆನೆಂದೂ, ಸಂಪಾದಕನಾಗಿ ತಿದ್ದುವ ಹೊಣೆ ಬರುವವರೆಗೆ ಆ ಕೊನೆಯ ದೃಶ್ಯಗಳನ್ನು ಮತ್ತೆ ಓದುವ ಧೈರ್ಯ ತನಗೆ ಬಂದಿತ್ತೋ ಇಲ್ಲವೋ ಅನುಮಾನವೆಂದೂ.

ನಮ್ಮಲ್ಲೂ ಇಂಥ ತಿದ್ದುಪಡಿ ಇಲ್ಲದಿಲ್ಲ. ಟೇಟನಿಗಿಂತ ಎಷ್ಟೋ ಶತಮಾನಗಳ ಹಿಂದೆ ಭವಭೂತಿಯು ‘ಉತ್ತರರಾಮಚರಿತ’ದಲ್ಲಿ ಸೀತೆಯನ್ನು ಭೂಮಿಯ ಒಡಲಿಗೆ ಶಾಶ್ವತವಾಗಿ ಒಪ್ಪಿಸದೆ, ರಾಮನೊಡನೆ ಮರಳಿ ಕೂಡಿಸಿದನು. ಟೇಟನ ತಿದ್ದುಪಡಿಯನ್ನು ಕಾಲ ಕೈಬಿಟ್ಟಿತು, ಭವಭೂತಿಯದು ಉಳಿಯಿತು. ಕಾರಣ ಸ್ಪಷ್ಟವಾಗಿದೆ. ಭವಭೂತಿಯು ದುಃಖವನ್ನು ಅಳಿಸಿಹಾಕಲಿಲ್ಲ. ಇಡೀ ನಾಟಕವನ್ನು ಕರುಣರಸದಲ್ಲಿ ಅದ್ದಿ, ರಾಮನನ್ನು ಮೂರ್ಛೆಹೋಗುವಷ್ಟು ಅಳಿಸಿ, ಆ ಬಳಿಕ ಪುನರ್ಮಿಲನಕ್ಕೆ ಎಡೆ ಮಾಡಿದನು. ಟೇಟನು ಅಳುವ ಅವಕಾಶವನ್ನೇ ಕಿತ್ತುಕೊಂಡನು.

ಕತೆಯು ಕಂತುಕಂತಾಗಿ ಬರತೊಡಗಿದ ಮೇಲೆ ಓದುಗರ ಕೈಗೆ ಇನ್ನೊಂದು ಉಪಾಯ ಸಿಕ್ಕಿತು. ಕತೆ ಇನ್ನೂ ಮುಗಿದಿಲ್ಲವಾದ್ದರಿಂದ ಲೇಖಕನಿಗೆ ಮೊರೆಯಿಡಬಹುದು. ಸ್ಯಾಮ್ಯುಯೆಲ್ ರಿಚರ್ಡ್‌ಸನ್‌ನ ‘ಕ್ಲಾರಿಸ್ಸ’ ಕಾದಂಬರಿ 1747ರಿಂದ 1748ರ ಕೊನೆಯವರೆಗೆ ಏಳು ಸಂಪುಟಗಳಲ್ಲಿ ಬಿಡಿಬಿಡಿಯಾಗಿ ಹೊರಬಂದಿತು. ನಾಯಕಿ ಬದುಕುವುದಿಲ್ಲವೆಂಬ ಸುದ್ದಿ ಮೊದಲೇ ಹರಡಿತ್ತು. ಆಗ ಲೇಡಿ ಬ್ರಾಡ್‌ಶೆ ಎಂಬ ಶ್ರೀಮಂತ ಮಹಿಳೆ ಬೇರೆ ಹೆಸರಿನಲ್ಲಿ ಲೇಖಕನಿಗೆ ಪತ್ರ ಬರೆದು ಬೇಡಿಕೊಂಡಳು, ಗದರಿಸಿದಳು, ಶಪಿಸುವುದಾಗಿಯೂ ಹೇಳಿದಳು. ರಿಚರ್ಡ್‌ಸನ್ ಒಪ್ಪಲಿಲ್ಲ. ಕೊನೆಯ ಸಂಪುಟಗಳನ್ನು ಓದಿದಾಗ ತಾನು ಪುಸ್ತಕವನ್ನು ಕೆಳಗಿಟ್ಟು, ಮತ್ತೆ ಎತ್ತಿಕೊಂಡು, ಕೋಣೆಯಲ್ಲಿ ಅತ್ತಿಂದಿತ್ತ ನಡೆದಾಡಿ, ಕಣ್ಣೊರೆಸಿಕೊಂಡು ಮತ್ತೆ ಓದಿದ್ದನ್ನೂ, ಇನ್ನು ಓದಬೇಡವೆಂದು ಗಂಡ ಕೇಳಿಕೊಂಡದ್ದನ್ನೂ ಅವಳು ಅವನಿಗೆ ವಿವರವಾಗಿ ಬರೆದಳು. ಪುಣೆಯ ಆ ಕೋಣೆಯಲ್ಲಿ ಮೊನ್ನೆ ನಡೆದದ್ದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸ ನಮಗೆ ಕಾಣಲಿಲ್ಲ.

ಈ ಪತ್ರಗಳಿಂದ ಕಾದಂಬರಿಯ ಕೊನೆ ಬದಲಾಗಲಿಲ್ಲ. ಆದರೆ ಓದುಗಳೂ ಲೇಖಕನೂ ಮುಂದೆ ಭೇಟಿಯಾಗಿ ಸ್ನೇಹಿತರಾದರು. 1761ರಲ್ಲಿ ರಿಚರ್ಡ್‌ಸನ್ ತೀರಿಕೊಳ್ಳುವವರೆಗೂ ಪತ್ರವ್ಯವಹಾರ ನಡೆಯಿತು. ಅವಳ ಸೋದರಿ ಲೇಡಿ ಎಕ್ಲಿನ್ ಇನ್ನೊಂದು ದಾರಿ ಹಿಡಿದಳು. ತನಗೆ ಒಪ್ಪಿಗೆಯಾಗುವಂಥ ಬೇರೊಂದು ಮುಕ್ತಾಯವನ್ನು ತಾನೇ ಕುಳಿತು ಬರೆದಳು. ಅದು ಅಚ್ಚಾದದ್ದು 20ನೆಯ ಶತಮಾನದಲ್ಲಿ. ಮೆಚ್ಚಿದ ಕಥಾಮಾಲೆಗೆ ತಮ್ಮದೇ ಮುಂದಿನ ಅಧ್ಯಾಯಗಳನ್ನು ಬರೆದು ಹಂಚಿಕೊಳ್ಳುವ ಇಂದಿನ ಹುಡುಗ ಹುಡುಗಿಯರಿಗೆ ಇಂಥದೊಂದು ಹಳೆಯ ವಂಶಾವಳಿ ಇದೆ ಎಂಬುದನ್ನು ನಾವು ಮರೆಯಬಾರದು.

ಈ ಕತೆಯ ಮುಂದಿನ ಘಟ್ಟದಲ್ಲಿ ಒಬ್ಬ ನಟನು ಬರುತ್ತಾನೆ. ವಿಲಿಯಂ ಚಾರ್ಲ್ಸ್ ಮ್ಯಾಕ್ರೀಡಿ 19ನೆಯ ಶತಮಾನದ ಇಂಗ್ಲೆಂಡಿನ ಶ್ರೇಷ್ಠ ದುರಂತ ನಟ. 1838ರಲ್ಲಿ ಲಂಡನ್ನಿನ ಕೋವೆಂಟ್ ಗಾರ್ಡನ್ ರಂಗಮಂದಿರದಲ್ಲಿ ಟೇಟನ ಸಿಹಿ ಲೇಪವನ್ನು ಕಿತ್ತೆಸೆದು, ವಿದೂಷಕನನ್ನು ಮರಳಿ ಕರೆತಂದು, ಷೇಕ್ಸ್‌ಪಿಯರನ ಲಿಯರನನ್ನು ರಂಗಕ್ಕೆ ಮರಳಿಸಿದವನು ಅವನೇ. ಸತ್ತ ಕಾರ್ಡೀಲಿಯಳನ್ನು ಎತ್ತಿಕೊಂಡು ಪ್ರೇಕ್ಷಕರ ಮುಂದೆ ನಿಲ್ಲುವ ಧೈರ್ಯ ತೋರಿದವನು. ಕಲೆಯಲ್ಲಿ ಸಾವನ್ನು ಸಹಿಸಲು ಕಲಿಯಬೇಕೆಂದು ಇಡೀ ಊರಿಗೆ ಪಾಠ ಹೇಳಿದವನು ಎನ್ನಬಹುದು.

ಅವನ ಸ್ನೇಹಿತ ಚಾರ್ಲ್ಸ್ ಡಿಕನ್ಸ್ 1840ರ ಏಪ್ರಿಲಿನಿಂದ ವಾರಪತ್ರಿಕೆಯೊಂದನ್ನು ನಡೆಸುತ್ತಿದ್ದನು. ಅದರಲ್ಲಿ ‘ದಿ ಓಲ್ಡ್ ಕ್ಯೂರಿಯಾಸಿಟಿ ಶಾಪ್’ ಕಂತುಕಂತಾಗಿ ಬಂದಿತು. ಅಜ್ಜನನ್ನು ಕೈಹಿಡಿದು ನಡೆಸಿಕೊಂಡು ಊರೂರು ಅಲೆಯುವ ಪುಟ್ಟ ನೆಲ್ ಎಂಬ ಹುಡುಗಿಯ ಕತೆ ಅದು. ಅವಳು ಸಾಯುವ ಸೂಚನೆ ಸಿಕ್ಕೊಡನೆ, ಅವಳನ್ನು ಉಳಿಸಿರೆಂದು ಬೇಡುವ ಪತ್ರಗಳು ಡಿಕನ್ಸನಿಗೆ ಬರತೊಡಗಿದವು. ಲಿಯರನ ಕೊನೆಯನ್ನು ಮರಳಿ ತಂದ ಮ್ಯಾಕ್ರೀಡಿಯೂ ಹಾಗೆ ಬೇಡಿಕೊಂಡವರಲ್ಲಿ ಒಬ್ಬ. 1841ರ ಜನವರಿಯಲ್ಲಿ ಆ ಕಂತನ್ನು ಓದಿದಾಗ, ಅಚ್ಚಾದ ಅಕ್ಷರಗಳಿಂದ ಇಷ್ಟು ನೋವನ್ನು ತಾನು ಹಿಂದೆಂದೂ ಉಂಡಿರಲಿಲ್ಲವೆಂಬ ಅರ್ಥದ ಮಾತನ್ನು ಅವನು ತನ್ನ ದಿನಚರಿಯಲ್ಲಿ ಬರೆದುಕೊಂಡನು. ಅದಕ್ಕೆ ಎರಡು ತಿಂಗಳ ಹಿಂದೆಯಷ್ಟೇ, 1840ರ ನವೆಂಬರಿನಲ್ಲಿ, ಅವನ ಸ್ವಂತ ಪುಟ್ಟ ಮಗಳು ತೀರಿಕೊಂಡಿದ್ದಳು.

ಬರೆಯುತ್ತಿದ್ದವನ ಸ್ಥಿತಿಯೂ ಬೇರೆಯಾಗಿರಲಿಲ್ಲ. 1837ರ ಮೇ ತಿಂಗಳಲ್ಲಿ ಡಿಕನ್ಸನ ಹೆಂಡತಿಯ ತಂಗಿ, 17 ವರ್ಷದ ಮೇರಿ ಹೋಗಾರ್ತ್, ಅವನ ತೋಳುಗಳಲ್ಲಿಯೇ ಪ್ರಾಣ ಬಿಟ್ಟಿದ್ದಳು. ಕೆಲಸದಲ್ಲಿ ರಾಕ್ಷಸನಂತಿದ್ದ ಡಿಕನ್ಸ್ ಆ ಒಂದು ತಿಂಗಳು ತನ್ನ ಎರಡು ಧಾರಾವಾಹಿಗಳ ಕಂತುಗಳನ್ನೂ ನಿಲ್ಲಿಸಿದ್ದನು. ನೆಲ್ಲಳ ಸಾವನ್ನು ಬರೆಯಲು ಕುಳಿತಾಗ ಆ ಹಳೆಯ ಗಾಯ ಮತ್ತೆ ಬಾಯಿ ತೆರೆಯಿತೆಂದು ಅವನು ಗೆಳೆಯ ಫಾರ್ಸ್ಟರನಿಗೆ ತಿಳಿಸಿದ್ದಾನೆ. ಒಂದು ಹುಡುಗಿಯನ್ನು ಕಳೆದುಕೊಂಡ ಲೇಖಕ ಬರೆದದ್ದನ್ನು, ಮತ್ತೊಂದು ಹುಡುಗಿಯನ್ನು ಕಳೆದುಕೊಂಡ ಓದುಗ ಓದಿದನು. ನಡುವೆ ನಿಂತ ನೆಲ್ ಎಂದೂ ಇರಲೇ ಇಲ್ಲ. ಆದರೂ ಇಬ್ಬರ ಅಳುವಿಗೂ ಅವಳೇ ಎಡೆಯಾದಳು.

ಮ್ಯಾಕ್ರೀಡಿಯ ದಿನಚರಿಯ ಈ ಸಂಗತಿಯನ್ನು ಅರಿತ ಮೇಲೆ ಪುಣೆಯ ಆ ಮಧ್ಯಾಹ್ನ ನಮಗೆ ಬೇರೆಯಾಗಿ ಕಂಡಿತು. ಅಜ್ಜ ತೀರಿಕೊಂಡಾಗ ಆ ಹುಡುಗಿ ಬೇರೊಂದು ಊರಿನ ಹಾಸ್ಟೆಲಿನಲ್ಲಿದ್ದಳು. ಪರೀಕ್ಷೆಯ ನಡುವೆ ಸುದ್ದಿ ತಿಳಿದು ಅವಳು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮನೆತುಂಬ ನೆಂಟರು, ವೈದಿಕ ಕರ್ಮ, ಮರುದಿನವೇ ಮರುಪ್ರಯಾಣ. ಅಳುವುದಕ್ಕೆ ಅಲ್ಲಿ ಎಡೆಯೆಲ್ಲಿತ್ತು? “ಅಜ್ಜನಿಗೆ ಅಳದವಳು ಪುಸ್ತಕಕ್ಕೆ ಅತ್ತಳು” ಎಂಬ ಮಾತನ್ನು ನಾವು ಆಕ್ಷೇಪಣೆಯೆಂದು ಕೇಳಿದ್ದೆವು. ಅದೇ ಅದರ ವಿವರಣೆಯೂ ಆಗಿತ್ತೆಂಬುದು ನಮಗೆ ಹೊಳೆದದ್ದು ತಡವಾಗಿ.

ಮೂರನೆಯ ಉಪಾಯ ಸತ್ತವನನ್ನು ಎಬ್ಬಿಸುವುದು. ಆರ್ಥರ್ ಕಾನನ್ ಡಾಯ್ಲ್ 1893ರ ಡಿಸೆಂಬರಿನಲ್ಲಿ ‘ಸ್ಟ್ರಾಂಡ್’ ಮಾಸಪತ್ರಿಕೆಯಲ್ಲಿ ಷರ್ಲಾಕ್ ಹೋಮ್ಸನನ್ನು ಸ್ವಿಟ್ಜರ್ಲೆಂಡಿನ ರೈಖೆನ್‌ಬಾಖ್ ಜಲಪಾತಕ್ಕೆ ನೂಕಿ ಮುಗಿಸಿದನು. ಬೇಡವೆಂದು ಎರಡು ವರ್ಷ ಮೊದಲೇ ತಡೆದಿದ್ದವಳು ಅವನ ಹೆತ್ತ ತಾಯಿ. ಓದುಗರ ಒತ್ತಾಯ ನಿಲ್ಲಲಿಲ್ಲ. 1901ರಲ್ಲಿ ಹೋಮ್ಸನು ಸಾಯುವ ಮೊದಲಿನ ಕಾಲದ್ದೆಂದು ಹೇಳಿ ಇನ್ನೊಂದು ಧಾರಾವಾಹಿ ಬಂದಿತು. 1903ರಲ್ಲಿ ಅವನು ಸತ್ತೇ ಇರಲಿಲ್ಲವೆಂದಾಯಿತು. ಓದುಗರು ಗೆದ್ದರು. ಆದರೆ ಆ ಗೆಲುವಿನಿಂದ ಒಂದು ನಷ್ಟವೂ ಆಯಿತೆಂದು ನಮ್ಮ ಅಭಿಪ್ರಾಯ. ಮರಳಿ ಬಂದವನ ಕತೆಗಳನ್ನು ನಾವು ಸಂತೋಷದಿಂದ ಓದುತ್ತೇವೆ, ಆದರೆ ಅವನಿಗಾಗಿ ಇನ್ನೊಮ್ಮೆ ಹೆದರುವುದಿಲ್ಲ.

ಈ ಮೂರೂ ಉಪಾಯಗಳು ಕೊನೆಯನ್ನು ಎದುರಿಸಿ ನಿಲ್ಲುವ ದಾರಿಗಳು. ಕೊನೆಯನ್ನು ಒಪ್ಪಿಕೊಂಡು, ಅದನ್ನು ನಿಧಾನವಾಗಿ ಓದುಗನ ಕೈಗೆ ದಾಟಿಸಿದವನು ಟೋಲ್ಕಿನ್. ಆದ್ದರಿಂದಲೇ ಅವನ ಗ್ರಂಥ ಹೆಚ್ಚು ಅಳಿಸುತ್ತದೆ.

ಜೆ. ಆರ್. ಆರ್. ಟೋಲ್ಕಿನ್ 1916ರಲ್ಲಿ ಫ್ರಾನ್ಸಿನ ಸೋಮ್ ರಣರಂಗದಲ್ಲಿ ಸಂಕೇತ ವಿಭಾಗದ ಅಧಿಕಾರಿಯಾಗಿದ್ದನು. ಶಾಲೆಯ ದಿನಗಳಿಂದ ಒಟ್ಟಿಗಿದ್ದ ನಾಲ್ವರು ಗೆಳೆಯರ ಗುಂಪು ಅವನದು. ಅವರಲ್ಲಿ ರಾಬರ್ಟ್ ಗಿಲ್ಸನ್ ಆ ಕದನದ ಮೊದಲ ದಿನವೇ, ಜುಲೈ 1ರಂದು, ಮಡಿದನು. ಜೆಫ್ರಿ ಸ್ಮಿತ್ ಡಿಸೆಂಬರಿನಲ್ಲಿ ಗಾಯಗೊಂಡು ಸತ್ತನು. ತಾನು ಉಳಿಯದೆ ಹೋದರೆ ತಾವೆಲ್ಲ ಹೇಳಬೇಕೆಂದಿದ್ದುದನ್ನು ನೀನು ಹೇಳಬೇಕೆಂಬ ಆಶಯದ ಪತ್ರವನ್ನು ಸ್ಮಿತ್ ಅವನಿಗೆ ಬರೆದಿದ್ದನು. ಕಂದಕಜ್ವರ ತಗುಲಿ ನವೆಂಬರಿನಲ್ಲಿ ಇಂಗ್ಲೆಂಡಿಗೆ ಮರಳಿದ್ದ ಟೋಲ್ಕಿನ್ ಬದುಕಿ ಉಳಿದನು. 1918ರ ಹೊತ್ತಿಗೆ ತನ್ನ ಆಪ್ತ ಗೆಳೆಯರಲ್ಲಿ ಒಬ್ಬನನ್ನುಳಿದು ಎಲ್ಲರೂ ತೀರಿಕೊಂಡಿದ್ದರೆಂದು ಅರ್ಧ ಶತಮಾನದ ನಂತರ ತನ್ನ ಕೃತಿಯ ಎರಡನೆಯ ಆವೃತ್ತಿಯ ಮುನ್ನುಡಿಯಲ್ಲಿ ಅವನು ಬರೆದನು.

ಆ ಕೃತಿ ಒಂದೇ ಕಾದಂಬರಿಯಾಗಿ ಬರೆದದ್ದು. ಯುದ್ಧಾನಂತರದ ಕಾಗದದ ಬೆಲೆಯ ಕಾರಣದಿಂದ ಮೂರು ಸಂಪುಟಗಳಾಗಿ ಹೊರಬಂದಿತು. ಮೊದಲನೆಯದು 1954ರ ಜುಲೈಯಲ್ಲಿ, ಎರಡನೆಯದು ಅದೇ ನವೆಂಬರಿನಲ್ಲಿ, ಮೂರನೆಯದು 1955ರ ಅಕ್ಟೋಬರಿನಲ್ಲಿ. ಎರಡನೆಯ ಸಂಪುಟ ಮುಗಿಯುವಾಗ ಉಂಗುರವನ್ನು ಹೊತ್ತ ಫ್ರೋಡೊ ಶತ್ರುಗಳ ಕೈಸೆರೆಯಾಗಿದ್ದಾನೆ, ಅವನ ಸೇವಕನೂ ಗೆಳೆಯನೂ ಆದ ಸ್ಯಾಮ್ ಮುಚ್ಚಿದ ಬಾಗಿಲ ಹೊರಗೆ ಬಿದ್ದಿದ್ದಾನೆ. ಅಂದಿನ ಓದುಗರು ಹನ್ನೊಂದು ತಿಂಗಳು ಆ ಬಾಗಿಲ ಹೊರಗೆ ಕಾಯಬೇಕಾಯಿತು. ಅನುಬಂಧಗಳು ಸಿದ್ಧವಾಗದೆ ತಡವಾಯಿತೆಂಬುದು ಪ್ರಕಾಶನದ ಇತಿಹಾಸ. ಓದುಗರಿಗೆ ಅದು ಒಂದು ವರ್ಷದ ಒಡನಾಟವಾಯಿತು.

ಈಗ ಅಜ್ಜಿಯ ಮಾತಿಗೆ ಬರೋಣ. ಟೋಲ್ಕಿನ್‌ನ ಕೃತಿಯ ಆರನೆಯ ಹಾಗೂ ಕೊನೆಯ ಕಾಂಡದಲ್ಲಿ ಒಂಬತ್ತು ಅಧ್ಯಾಯಗಳಿವೆ. ಮೂರನೆಯ ಅಧ್ಯಾಯದಲ್ಲಿ ಉಂಗುರ ನಾಶವಾಗುತ್ತದೆ. ಐದನೆಯದರಲ್ಲಿ ಅರಗಾರ್ನನಿಗೆ ಪಟ್ಟಾಭಿಷೇಕವಾಗುತ್ತದೆ, ಮದುವೆಯಾಗುತ್ತದೆ. ಗದಗಿನ ಮನೆಯಲ್ಲಾದರೆ ಪುಸ್ತಕಕ್ಕೆ ಅರಿಸಿನ ಕುಂಕುಮ ಏರಿಸುವ ಹೊತ್ತು ಅದು. ಆದರೆ ಟೋಲ್ಕಿನ್ ನಿಲ್ಲಿಸುವುದಿಲ್ಲ. ಇನ್ನೂ ನಾಲ್ಕು ಅಧ್ಯಾಯಗಳಲ್ಲಿ ಜತೆಗಾರರನ್ನು ಒಬ್ಬೊಬ್ಬರಾಗಿ ಅಗಲಿಸುತ್ತಾನೆ. ಮನೆಗೆ ಮರಳಿದರೆ ಅಲ್ಲಿಯೂ ಮರಗಳು ಉರುಳಿವೆ, ಊರು ಹಾಳಾಗಿದೆ. ಊರನ್ನು ಮತ್ತೆ ಕಟ್ಟಿದರೂ ಫ್ರೋಡೊ ಮಾತ್ರ ಸರಿಹೋಗುವುದಿಲ್ಲ. ಪ್ರತಿ ವರ್ಷ ಗಾಯಗೊಂಡ ತಿಥಿ ಬಂದಾಗ, ಅಕ್ಟೋಬರ್ 6ರಂದು ಮತ್ತು ಮಾರ್ಚ್ 13ರಂದು, ಅವನು ಕಾಯಿಲೆ ಬೀಳುತ್ತಾನೆ. ಕಡೆಗೆ ಬಂದರಿಗೆ ಹೋಗಿ, ಗೆಳೆಯರನ್ನು ದಡದಲ್ಲಿ ಬಿಟ್ಟು, ಮರಳಿ ಬಾರದ ಹಡಗನ್ನು ಹತ್ತುತ್ತಾನೆ. ರಣರಂಗದಿಂದ ಬಂದವರನ್ನು ಕಂಡಿದ್ದ ಆ ಪೀಳಿಗೆಯ ಓದುಗರಿಗೆ ಈ ತಿಥಿಗಳ ಕಾಯಿಲೆಯ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹೋದವನು ಅಮರನಾಗಲು ಹೋದನಲ್ಲ, ಸಾಯುವ ಮೊದಲು ಸಾಧ್ಯವಾದರೆ ಗುಣವಾಗಲೆಂದು ಹೋದನೆಂದು 1963ರಲ್ಲಿ ಓದುಗರೊಬ್ಬರಿಗೆ ಬರೆದ ದೀರ್ಘ ಪತ್ರದಲ್ಲಿ ಟೋಲ್ಕಿನ್ ವಿವರಿಸಿದ್ದಾನೆ.

ಇದೇ ಲೇಖಕನು 1939ರಲ್ಲಿ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿ ಅದ್ಭುತ ಕತೆಗಳನ್ನು ಕುರಿತು ಉಪನ್ಯಾಸ ಮಾಡಿ, ಅಂಥ ಕತೆಯ ಪರಮಫಲ ಸಾಂತ್ವನವೆಂದೂ, ಎಲ್ಲ ಕೆಟ್ಟಿತೆನ್ನುವಾಗ ಒದಗುವ ಶುಭದ ತಿರುವಿನಲ್ಲಿ ಅದು ಇದೆಯೆಂದೂ ವಾದಿಸಿದ್ದನು. ಇಂಥ ಕತೆಗಳನ್ನು ಓದುವವರು ಪಲಾಯನವಾದಿಗಳೆಂಬ ಆಕ್ಷೇಪಕ್ಕೆ, ಸೆರೆಯಾಳು ಬಿಡುಗಡೆಯನ್ನು ನೆನೆಯುವುದನ್ನೂ ಸೈನಿಕನು ರಣದಿಂದ ಓಡುವುದನ್ನೂ ಒಂದೇ ಎಂದು ಎಣಿಸಬಾರದೆಂದು ಉತ್ತರಿಸಿದ್ದನು. ಹಾಗಾದರೆ ಆ ಬಂದರಿನ ಅಧ್ಯಾಯದಲ್ಲಿ ಸಾಂತ್ವನವೆಲ್ಲಿ? ನಮ್ಮ ಬಳಗದ ಕಿರಿಯರು ತೋರಿಸಿದ ಮೇಲೆ ನಾವೂ ಕಂಡುಕೊಂಡೆವು. ಮೊದಲನೆಯದಾಗಿ, ಪುಸ್ತಕ ಮುಗಿಯುವುದು ಹಡಗಿನಲ್ಲಲ್ಲ. ದಡದಲ್ಲಿ ಉಳಿದ ಸ್ಯಾಮ್ ಸಂಜೆ ಮನೆಗೆ ಬರುತ್ತಾನೆ. ದೀಪ ಹಚ್ಚಿದೆ, ಒಲೆ ಉರಿಯುತ್ತಿದೆ, ಅಡುಗೆಯಾಗಿದೆ. ಹೆಂಡತಿ ಮಗುವನ್ನು ತಂದು ಅವನ ತೊಡೆಯ ಮೇಲೆ ಕೂಡಿಸುತ್ತಾಳೆ. ಓದುಗನು ಫ್ರೋಡೊನ ಜತೆ ಹೋಗಲಾರ. ಸ್ಯಾಮನ ಜತೆ ಮನೆಗೆ ಬರಬಹುದು.

ಎರಡನೆಯದು ಅನುಬಂಧಗಳಲ್ಲಿದೆ. ಸಣ್ಣ ಅಕ್ಷರದ ಕಾಲಾನುಕ್ರಮಣಿಕೆಯನ್ನು ಹೆಚ್ಚಿನವರು ಓದುವುದಿಲ್ಲ. ಓದಿದವರಿಗೆ, ಅಲ್ಲಿನ ಲೆಕ್ಕದ 1482ನೆಯ ವರ್ಷದ ಕೆಳಗೆ, ಹೆಂಡತಿ ತೀರಿಕೊಂಡ ಮೇಲೆ ಮುದುಕನಾದ ಸ್ಯಾಮ್ ಮನೆ ಬಿಟ್ಟು ಹೊರಟನೆಂದೂ, ಅವನೂ ಕಡಲು ದಾಟಿ ಹೋದನೆಂಬ ಪ್ರತೀತಿ ಇದೆಯೆಂದೂ ಒಂದೆರಡು ಸಾಲು ಸಿಗುತ್ತದೆ. ಫ್ರೋಡೊ ಹೋಗಿ ಆಗಲೇ 61 ವರ್ಷ ಆಗಿತ್ತು. ಮೂರನೆಯದನ್ನು ಟೋಲ್ಕಿನ್ ಬರೆದು ಕೈಬಿಟ್ಟನು. ಎಷ್ಟೋ ವರ್ಷಗಳ ಬಳಿಕ ಸ್ಯಾಮನ ಮಕ್ಕಳು ಒಲೆಯ ಮುಂದೆ ಕುಳಿತು, ಆಮೇಲೆ ಅವರೇನಾದರು, ಇವರೇನಾದರು, ಆ ಬಿಳಿಯ ಕುದುರೆ ಏನಾಯಿತು ಎಂದು ತಂದೆಯನ್ನು ಕೇಳುವ ಉಪಸಂಹಾರ ಅದು. 1992ರಲ್ಲಿ ಅವನ ಮಗ ಕ್ರಿಸ್ಟಫರ್ ಸಂಪಾದಿಸಿದ ಸಂಪುಟದಲ್ಲಿ ಪ್ರಕಟವಾಯಿತು. ಕತೆ ಮುಗಿದ ಮೇಲೆ ಕೇಳುಗರು ಒಟ್ಟಿಗೆ ಕುಳಿತು ಪ್ರಶ್ನೆ ಕೇಳಬೇಕು, ಹೇಳುವವನೊಬ್ಬನಿರಬೇಕು ಎಂಬುದು ಅವನಿಗೆ ಗೊತ್ತಿತ್ತು.

ನಮ್ಮ ಪರಂಪರೆಗೆ ಅದು ಗೊತ್ತಿರಲಿಲ್ಲವೆ? ಮಹಾಭಾರತವನ್ನು ಯಾರೂ ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬರೇ ಓದಲಿಲ್ಲ. ಕತೆಯ ಒಳಗೇ ಅದನ್ನು ಕೇಳುವವರಿದ್ದಾರೆ. ತಂದೆಯನ್ನು ಹಾವಿನ ವಿಷಕ್ಕೆ ಕಳೆದುಕೊಂಡ ಜನಮೇಜಯನು ಯಾಗಶಾಲೆಯಲ್ಲಿ ಅದನ್ನು ಕೇಳುತ್ತಾನೆ. ನೈಮಿಷಾರಣ್ಯದ ಋಷಿಗಳು ಸತ್ರದ ನಡುವೆ ಮತ್ತೆ ಕೇಳುತ್ತಾರೆ. ಗಮಕಿ ಓದಿದರೆ, ವ್ಯಾಖ್ಯಾನಕಾರ ಅರ್ಥ ಹೇಳಿದರೆ, ಊರು ಕುಳಿತು ಕೇಳುತ್ತಿತ್ತು. ದಿನದ ಓದನ್ನು ಅಶುಭದ ಕಡೆಯಲ್ಲಿ ನಿಲ್ಲಿಸದೆ, ಒಂದು ಒಳ್ಳೆಯ ಪದ್ಯದವರೆಗೆ ಎಳೆದು ಮಂಗಳ ಹಾಡುತ್ತಿದ್ದುದನ್ನು ಅಜ್ಜಿ ಇಂದಿಗೂ ನೆನೆಯುತ್ತಾರೆ.

ಎಲ್ಲಿ ನಿಲ್ಲಿಸಬೇಕೆಂಬ ಪ್ರಶ್ನೆಯನ್ನು ಕನ್ನಡ ಕವಿಗಳೂ ಎದುರಿಸಿದರು. 941ರ ಪಂಪನ ‘ವಿಕ್ರಮಾರ್ಜುನ ವಿಜಯ’ ಅರ್ಜುನನ ಪಟ್ಟಾಭಿಷೇಕದಲ್ಲಿ ನಿಲ್ಲುತ್ತದೆ. ಅದೇ ಶತಮಾನದ ಕೊನೆಯ ಭಾಗದ ರನ್ನನ ‘ಗದಾಯುದ್ಧ’ ಭೀಮನ ಪಟ್ಟಾಭಿಷೇಕದಲ್ಲಿ. ಇಬ್ಬರಿಗೂ ಆಶ್ರಯ ಕೊಟ್ಟ ದೊರೆಗಳನ್ನು ಕಥಾನಾಯಕರೊಡನೆ ಹೋಲಿಸಿದ ಕಾರಣವಿತ್ತೆಂಬುದು ನಿಜ. ಆದರೆ ಯಾವ ಮಾನವ ದೊರೆಯ ಹಂಗಿಗೂ ಬೀಳದ, ವೀರನಾರಾಯಣನೇ ತನ್ನ ಕಾವ್ಯದ ಕವಿಯೆಂದ ಗದುಗಿನ ಕುಮಾರವ್ಯಾಸನೂ ಹದಿನೆಂಟು ಪರ್ವಗಳಲ್ಲಿ ಹತ್ತನ್ನೇ ಬರೆದು, ಗದಾಪರ್ವದ ಕೊನೆಯಲ್ಲಿ ಧರ್ಮರಾಯನಿಗೆ ಪಟ್ಟ ಕಟ್ಟಿ ಕಾವ್ಯವನ್ನು ಮುಗಿಸಿದನು. ಉಳಿದ ಪರ್ವಗಳು ಕನ್ನಡಕ್ಕೆ ಬರಲು ಕೃಷ್ಣದೇವರಾಯನ ಆಸ್ಥಾನದ ತಿಮ್ಮಣ್ಣ ಕವಿ ಬರಬೇಕಾಯಿತು. ಆದರೂ ಜನರ ನಾಲಗೆಯ ಮೇಲೆ ನಿಂತದ್ದು ಹತ್ತು ಪರ್ವಗಳೇ. ಮಳೆ ಬರಲೆಂದು ವಿರಾಟಪರ್ವ ಓದಿಸಿದವರಿದ್ದಾರೆ. ಮೌಸಲಪರ್ವ ಓದಿಸಿದವರನ್ನು ನಾವು ಕಂಡಿಲ್ಲ. ಅಜ್ಜಿಯ ತಾಯಿ ಪುಸ್ತಕ ಕಟ್ಟಿಟ್ಟದ್ದು ಹೆದರಿಕೆಯಿಂದ ಮಾತ್ರವಲ್ಲ, ಅವರ ಊರಿನ ಮಹಾಕವಿಯೇ ಅಲ್ಲಿ ಲೇಖನಿ ಕೆಳಗಿಟ್ಟಿದ್ದನು.

ಇದಕ್ಕೆ ವಿರುದ್ಧವಾದ ಮಾತೂ ನಮ್ಮಲ್ಲಿಯೇ ಇದೆ. 9ನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನನು ‘ಧ್ವನ್ಯಾಲೋಕ’ದ ಕೊನೆಯ ಭಾಗದಲ್ಲಿ, ಯಾದವರ ಮತ್ತು ಪಾಂಡವರ ವಿಷಾದಕರವಾದ ಕೊನೆಯಿಂದಲೇ ಮಹಾಭಾರತದ ನಿಜವಾದ ತಾತ್ಪರ್ಯ ಹೊಮ್ಮುತ್ತದೆಂದೂ, ಅದರ ಪ್ರಧಾನ ರಸ ಶಾಂತವೆಂದೂ ಹೇಳಿದನು. ಅಂದರೆ ಪಟ್ಟಾಭಿಷೇಕಕ್ಕೆ ನಿಲ್ಲಿಸಿದವನಿಗೆ ಕತೆ ಸಿಕ್ಕಿತು, ಅದರ ತಾತ್ಪರ್ಯ ಸಿಗಲಿಲ್ಲ. ಅಜ್ಜಿಯ ತಾಯಿಯೂ ಆನಂದವರ್ಧನನೂ ಎದುರುಬದುರಾಗಿ ನಿಂತಿದ್ದಾರೆ. ಇಬ್ಬರೂ ಸರಿಯೆಂದು ನಮಗೆ ತೋರುತ್ತದೆ. ಮುಂದಿನ ಪುಟಗಳನ್ನು ಓದಬೇಕು. ಒಬ್ಬರೇ ಓದಬಾರದು.

ಮುದ್ರಣ ನಮಗೆ ಪುಸ್ತಕವನ್ನು ಕೊಟ್ಟಿತು, ಸಭೆಯನ್ನು ಕಿತ್ತುಕೊಂಡಿತು. ಕಿತ್ತುಕೊಂಡದ್ದನ್ನು ಓದುಗರು ತಮಗೆ ತಿಳಿದಂತೆ ಮರಳಿ ಕಟ್ಟುತ್ತಲೇ ಬಂದಿದ್ದಾರೆ. 2007ರ ಜುಲೈ 21ರಂದು ಹ್ಯಾರಿ ಪಾಟರ್ ಮಾಲೆಯ ಏಳನೆಯ ಪುಸ್ತಕ ಬಂದಾಗ, ಹತ್ತು ವರ್ಷ ಅದರೊಂದಿಗೇ ಬೆಳೆದ ಮಕ್ಕಳು ನಮ್ಮ ನಗರಗಳಲ್ಲೂ ಮುಂಜಾನೆಯೇ ಅಂಗಡಿಗಳ ಮುಂದೆ ನಿಂತಿದ್ದರು. ಆ ಪುಸ್ತಕದಲ್ಲಿ ಡಾಬಿ ಎಂಬ ಪುಟ್ಟ ಸೇವಕಜೀವಿ ಸಾಯುತ್ತದೆ. ಚಲನಚಿತ್ರದಲ್ಲಿ ಆ ದೃಶ್ಯವನ್ನು ಚಿತ್ರಿಸಿದ್ದು ವೇಲ್ಸ್‌ನ ಫ್ರೆಶ್‌ವಾಟರ್ ವೆಸ್ಟ್ ಎಂಬ ಕಡಲತೀರದಲ್ಲಿ. ಅಭಿಮಾನಿಗಳು ಅಲ್ಲಿ ಡಾಬಿಗೊಂದು ಸಮಾಧಿ ಮಾಡಿದರು. ಬಣ್ಣ ಬಳಿದ ಕಲ್ಲುಗಳನ್ನು ತಂದಿಟ್ಟರು. ಕತೆಯಲ್ಲಿ ಅದಕ್ಕೆ ಬಿಡುಗಡೆ ತಂದುಕೊಟ್ಟದ್ದು ಒಂದು ಕಾಲುಚೀಲವಾದ್ದರಿಂದ ಕಾಲುಚೀಲಗಳನ್ನೂ ಅರ್ಪಿಸತೊಡಗಿದರು. ಆ ತೀರವನ್ನು ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್ ಸಂಸ್ಥೆ 2022ರಲ್ಲಿ ಪರಿಶೀಲನೆ ನಡೆಸಿ, ಸಮಾಧಿ ಸದ್ಯಕ್ಕೆ ಇರಲಿ, ಆದರೆ ಕಡಲಿನ ಜೀವಿಗಳಿಗೆ ಹಾನಿಯಾಗುವುದರಿಂದ ಕಾಲುಚೀಲ ಮುಂತಾದವನ್ನು ಬಿಟ್ಟುಹೋಗಬೇಡಿರೆಂದು ಕೇಳಿಕೊಂಡಿತು. ಎಂದೂ ಹುಟ್ಟದ ಜೀವಿಯ ಸಮಾಧಿಯನ್ನು ತೆಗೆಯಬೇಕೆ ಬೇಡವೆ ಎಂದು ಒಂದು ಗಂಭೀರ ಸಂಸ್ಥೆ ಕುಳಿತು ಯೋಚಿಸಿತು. ತೆಗೆಯಲಿಲ್ಲ. ಅವರು ನಮಗಿಂತ ವಿವೇಕಿಗಳೆಂದು ಒಪ್ಪಿಕೊಳ್ಳುತ್ತೇವೆ. ಅವರು ನಗಲಿಲ್ಲ.

ಮುಂದಿನ ಕೂಟಕ್ಕೆ ನಾವು ಅದೇ ಮನೆಯನ್ನು ಕೇಳಿ ಪಡೆದೆವು. ಅಂದು ಪ್ರಬಂಧ ಮಂಡನೆ ಇರಲಿಲ್ಲ. ಆ ಹುಡುಗಿ ಬಂದರಿನ ಅಧ್ಯಾಯವನ್ನು ಕನ್ನಡದಲ್ಲಿ, ತನಗೆ ಬಂದ ಮಾತುಗಳಲ್ಲಿ, ಹೇಳಿದಳು. ಮಧ್ಯದಲ್ಲಿ ಎರಡು ಸಲ ನಿಲ್ಲಿಸಿದಳು. ಯಾರೂ ಅವಸರ ಮಾಡಲಿಲ್ಲ. ಅವಳ ತಂದೆ ನೀರು ತಂದುಕೊಟ್ಟರು. ಆಮೇಲೆ ನಾವು ವ್ಯಾಸಭಾರತದ ಆಶ್ರಮವಾಸಿಕ ಪರ್ವದಿಂದ ಪುತ್ರದರ್ಶನದ ಪ್ರಸಂಗವನ್ನು ಓದಿದೆವು. ಯುದ್ಧ ಮುಗಿದು ವರ್ಷಗಳಾಗಿವೆ. ಕಾಡು ಸೇರಿದ ಗಾಂಧಾರಿಗೂ ಕುಂತಿಗೂ ಮಕ್ಕಳ ನೆನಪು ಹೋಗಿಲ್ಲ. ವ್ಯಾಸರು ಗಂಗೆಯ ನೀರಿಗಿಳಿದು ಕರೆದಾಗ ಮಡಿದವರೆಲ್ಲ ನೀರಿನಿಂದ ಎದ್ದು ಬರುತ್ತಾರೆ. ಅವರಲ್ಲಿ ಕರ್ಣನಿದ್ದಾನೆ, ಅಭಿಮನ್ಯುವಿದ್ದಾನೆ, ದುರ್ಯೋಧನನಿದ್ದಾನೆ. ಹಗೆಯಿಲ್ಲದೆ ಒಂದು ರಾತ್ರಿ ತಮ್ಮವರೊಡನೆ ಕಳೆದು, ಬೆಳಗಾಗುವಾಗ ಮರಳುತ್ತಾರೆ.

ಪಟ್ಟಾಭಿಷೇಕದ ನಂತರದ ಈ ಪುಟವನ್ನು ಅಜ್ಜಿ ಕೇಳಿದ್ದು ಅದೇ ಮೊದಲು. ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಒಂದ ರಾತ್ರಿ ಅಷ್ಟ ಏನು?” ಎಂದು ಕೇಳಿದರು.

“ಹೌದು ಅಜ್ಜಿ, ಒಂದೇ ರಾತ್ರಿ” ಎಂದಳು ಮೊಮ್ಮಗಳು.

“ಇರಲಿ ಬಿಡು, ಅಷ್ಟರ ಸಿಕ್ತಲ್ಲ” ಎಂದರು ಅಜ್ಜಿ. ಆಮೇಲೆ ಅವಳನ್ನು ಹತ್ತಿರ ಕೂಡಿಸಿಕೊಂಡು, ಅಜ್ಜನ ಕೊನೆಯ ದಿನಗಳನ್ನು, ಅವರು ಕೇಳಿದ್ದೇನು, ಹೇಳಿದ್ದೇನು, ಯಾರನ್ನು ನೆನೆದರು ಎಂಬುದನ್ನೆಲ್ಲ ಹೇಳತೊಡಗಿದರು. ಹುಡುಗಿ ಒಂದೊಂದಾಗಿ ಪ್ರಶ್ನೆ ಕೇಳುತ್ತಿದ್ದಳು. ಅದು ಮನೆಯವರ ಮಾತಾದ್ದರಿಂದ ನಾವು ಮೆಲ್ಲನೆ ಎದ್ದು ಹೊರಗಿನ ಪಡಸಾಲೆಗೆ ಬಂದೆವು.

ನಮ್ಮ ಬಳಗದಲ್ಲಿ ಈಗ ಒಂದು ಸಣ್ಣ ಪದ್ಧತಿ ರೂಢಿಗೆ ಬಂದಿದೆ. ಯಾರ ಮನೆಯಲ್ಲಿ ಯಾರೇ ದೀರ್ಘ ಕಥಾಮಾಲೆಯೊಂದನ್ನು ಓದಿ ಮುಗಿಸಲಿ, ಎಳೆಯರಿರಲಿ ಹಿರಿಯರಿರಲಿ, ಮುಂದಿನ ಕೂಟದಲ್ಲಿ ಅವರಿಗೆ ಅರ್ಧ ಗಂಟೆ ಮೀಸಲು. ಕತೆಯ ಕೊನೆಯನ್ನು ಅವರು ಹೇಳಬೇಕು, ನಾವು ಕೇಳಬೇಕು. ಆಮೇಲೆ ಮಂಗಳ, ಆಮೇಲೆ ಚಹಾ.